ಟ್ರಂಕು ಹೊರಡುವ ತನಕ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಸಣ್ಣದೊಂದು ಕಾಲುವೆಯಿತ್ತು. ವರ್ಷಾನುಗಟ್ಟಲೆ ರೇಷ್ಮೆ ಎಳೆ ಹರಿದು ಹರಿದು ಬಿದ್ದ ಗೆರೆ ಅದು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗದವರಿಗೆ ನೂಲು ಸುತ್ತಿಕೊಡುವ ಹೆಂಗಸರು ಬೇಕಾದಷ್ಟಿದ್ದರು. ಎಳೆ ತುಂಡಾದರೆ ಅತ್ತ ನೋಡದೆ, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ಗಂಟು ಹಾಕುತ್ತಿದ್ದವರು ಮಾತ್ರ ಪಡುವಣ ತುದಿಯ ಮನೆಯ ದೊಡ್ಡವ್ವ ಒಬ್ಬರೇ. ನಮಗೂ ಅವರಿಗೂ ನೆಂಟಸ್ತನವಿಲ್ಲ. ಅಪ್ಪ ಅವರನ್ನು ಅಕ್ಕ ಅನ್ನುತ್ತಿದ್ದರು, ಹಾಗಾಗಿ ನನಗೆ ದೊಡ್ಡವ್ವ.

ಅವರು ಸುಮ್ಮನಿದ್ದದ್ದನ್ನು ನಾನು ಒಂದೇ ಒಂದು ದಿನ ಕಂಡಿದ್ದೇನೆ. ಅದು ನಾನು ಊರು ಬಿಟ್ಟ ದಿನ.

ಅರವತ್ತರ ದಶಕದ ಮಾತು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನನಗೆ ಇಥಿಯೋಪಿಯಾದಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಬೊಂಬಾಯಿಯಿಂದ ಹಡಗು. ಅದು ತಪ್ಪಿದರೆ ಕೆಲಸವೂ ತಪ್ಪಿದ ಹಾಗೆ. ಅವ್ವ ಹುರಿಹಿಟ್ಟು, ಹುಣಸೆಹಣ್ಣು, ಉಪ್ಪಿನಕಾಯಿ ಜಾಡಿಗಳನ್ನು ಟ್ರಂಕಿಗೆ ತುರುಕುತ್ತಿದ್ದಾಗ ದೊಡ್ಡವ್ವ ಪಕ್ಕದಲ್ಲಿ ಕೂತು ಗೇಲಿ ಮಾಡುತ್ತಿದ್ದರು.

"ಅಲ್ಲೇನು ಜನ ಉಣ್ಣಕ್ಕಿಲ್ವಾ? ಇವ್ನು ಪಾಠ ಯೋಳಕ್ ಓಯ್ತಾನೋ, ಅಂಗ್ಡಿ ಇಕ್ಕಕ್ ಓಯ್ತಾನೋ?"

ಅಪ್ಪ ನಗಲಿಲ್ಲ. ಅವರ ತಮ್ಮ ಸಿಲೋನಿನ ಟೀ ತೋಟಕ್ಕೆಂದು ಹೋದವರು ಹಿಂದಿರುಗಿರಲಿಲ್ಲ. ಸೂತಕದ ಮನೆಯಿಂದ ಹೊರಟದ್ದೇ ಅದಕ್ಕೆ ಕಾರಣವೆಂದು ಅಪ್ಪ ಗಟ್ಟಿಯಾಗಿ ನಂಬಿದ್ದರು. ನನಗೆ ಮೊದಲೇ ಹೇಳಿಬಿಟ್ಟಿದ್ದರು: "ಪೆಟ್ಗೆಗೆ ಸೂತಕ ಸೋಕ್ತು ಅಂದ್ರೆ ನೀನು ಓಗಂಗಿಲ್ಲ. ಕೆಲ್ಸ ಓದ್ರೂ ಓಗ್ಲಿ."

ಒಳ್ಳೆಯ ಗಳಿಗೆ ಸೋಮವಾರಕ್ಕಿತ್ತು, ಹಡಗಿಗೆ ಹೊಂದುವ ಬಸ್ಸು ಗುರುವಾರಕ್ಕೆ. ಅದಕ್ಕೆ ನಮ್ಮಲ್ಲಿ ಪರಸ್ಥಾನವೆಂಬ ಉಪಾಯವುಂಟು. ಹೋಗುವವನ ಗಂಟನ್ನು ಒಳ್ಳೆಯ ಗಳಿಗೆಯಲ್ಲಿ, ಅವನು ಹೋಗುವ ದಿಕ್ಕಿನ ಮನೆಯೊಂದರಲ್ಲಿ ಇಟ್ಟುಬಿಟ್ಟರೆ ಅವನು ಅಂದೇ ಹೊರಟ ಲೆಕ್ಕ. ಗಂಟು ಮತ್ತೆ ಮನೆಗೆ ಬರಬಾರದು, ಅದಿರುವ ಮನೆಗೆ ಮೈಲಿಗೆಯೂ ತಾಕಬಾರದು. ಮೈಸೂರಿನ ದಿಕ್ಕಿಗಿದ್ದ ಮನೆ ದೊಡ್ಡವ್ವನದು. ಸೋಮವಾರ ಟ್ರಂಕು ಅಲ್ಲಿಗೆ ಹೋಯಿತು. ಹಗ್ಗ ಬಿಗಿದು ಗಂಟು ಹಾಕಿದವರೂ ಅವರೇ.

ಗುರುವಾರ ಬೆಳಿಗ್ಗೆ ಶೇವಿಂಗ್ ಸೆಟ್ಟನ್ನು ಟ್ರಂಕಿಗೆ ಹಾಕಲು ಮರೆತದ್ದು ನೆನಪಾಗಿ, ಅದನ್ನು ಹಿಡಿದುಕೊಂಡು ಅಲ್ಲಿಗೆ ಓಡಿದೆ. ಜಗುಲಿಯ ಮೇಲೆ ಧೂಳುಗಾಲಿನ ಗಂಡಸೊಬ್ಬ ತಲೆ ತಗ್ಗಿಸಿ ಕೂತಿದ್ದ. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಿದ್ದರು.

"ಕೈಲೇ ಇಡ್ಕಂಡ್ ಓಗು. ಈಗ ಒಳಕ್ಕೆ ಬರ್ಬ್ಯಾಡ."

ಅಷ್ಟೇ. ನಗುವಿಲ್ಲ, ಗೇಲಿಯಿಲ್ಲ. ಟ್ರಂಕಿಗೆ ಏನೋ ಆಗಿದೆ, ಇಲ್ಲವೇ ಇವರ ಮನಸ್ಸು ಕೆಟ್ಟಿದೆ ಅಂದುಕೊಂಡೆ. ಬಸ್ಸು ಮಧ್ಯಾಹ್ನಕ್ಕೆ. ಅಲ್ಲಿಯ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೀದಿಗಿಳಿದಾಗಲೆಲ್ಲ ಅವರ ರಾಟೆಯ ಸದ್ದು ಕೇಳುತ್ತಿತ್ತು. ಅದು ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗಿ ಮತ್ತೆ ನಿಲ್ಲುತ್ತಿತ್ತು. ಅವರ ಕೈಯಲ್ಲಿ ಅಷ್ಟು ಸಲ ಎಳೆ ಹರಿದದ್ದನ್ನು ನಾನು ಕಂಡವನಲ್ಲ.

ಹೊತ್ತಾದಾಗ ಎಲ್ಲರೂ ಅಲ್ಲಿಗೆ ಹೋದೆವು. ಆ ಗಂಡಸು ಇನ್ನೂ ಹಾಗೆಯೇ ಕೂತಿದ್ದ. ಅಪ್ಪನ ಕಣ್ಣು ಅವನ ಮೇಲೆ ನೆಟ್ಟಿತು.

"ಯಾರಕ್ಕ ಈ ವಯ್ಯ?"

"ನಮ್ಮ ಶಾಗ್ಯದೋನು. ಮೂಗ ಅಂತ್ಲೇ ತಿಳ್ಕಪ್ಪ, ಮಾತಾಡಕ್ಕಿಲ್ಲ."

ಅವನು ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡ. ಅಪ್ಪ ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ದೊಡ್ಡವ್ವ ಟ್ರಂಕನ್ನು ತಾವೇ ಹೊಸ್ತಿಲ ತನಕ ಎಳೆದು ತಂದು, ಆ ಬೆರಳಿನಿಂದ ಹಗ್ಗದ ಗಂಟನ್ನು ಒಂದು ಸಲ ಮುಟ್ಟಿ ನೋಡಿ, ನನಗೆ ಹೇಳಿದರು: "ಓಗ್ಬುಟ್ಟು ಬಾ ಮಗ. ತಿರುಗಿ ನೋಡ್ಬ್ಯಾಡ." ನಾನು ನೋಡಲಿಲ್ಲ. ಕಡೆಯ ದಿನವೂ ಇಷ್ಟು ಬಿರುಸೇ ಎಂದು ಬಸ್ಸಿನಲ್ಲಿ ಕೂತು ಬೇಜಾರು ಮಾಡಿಕೊಂಡೆ.

ನಡೆದದ್ದೇನೆಂದು ನನಗೆ ತಿಳಿದದ್ದು ಮೊದಲ ರಜೆಗೆ ಬಂದಾಗ, ಅವ್ವನ ಬಾಯಿಂದ. ಆ ಗುರುವಾರ ಅಪ್ಪ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದರು. ಅವ್ವ ದೊಡ್ಡವ್ವನ ಜಗುಲಿಯಲ್ಲೇ ಉಳಿದಿದ್ದಳು. ಬಸ್ಸಿನ ಹಾರನ್ ಸದ್ದು ದೂರವಾದ ಮೇಲೆ ದೊಡ್ಡವ್ವ ಆ ಗಂಡಸಿನ ಎದುರು ಕುಕ್ಕರಿಸಿದರಂತೆ.

"ಈಗ ಯೋಳು. ಮೂವರಲ್ಲಿ ಯಾರು?"

ಮೂವರು ತಮ್ಮಂದಿರು ಅವರಿಗೆ. ತಾಯಿಯಿಲ್ಲದ ಆ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಇವರು. ಬೆಳಿಗ್ಗೆ ಅವನ ಮುಖ ಕಂಡೊಡನೆ ಸಾವಿನ ಸುದ್ದಿಯೆಂದು ತಿಳಿದಿತ್ತು. ಅವನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಇಟ್ಟು, "ಪೆಟ್ಗೆ ಓಗಗಂಟ ಬಾಯ್ ಬುಡಬ್ಯಾಡ" ಅಂದಿದ್ದರು. ಬೇರೆ ಊರಿನ ಸಾವಿನ ಸೂತಕ, ನಮ್ಮಲ್ಲಿ, ಸುದ್ದಿ ಕಿವಿಗೆ ಬಿದ್ದ ಮೇಲೆಯೇ. ಕೇಳದಿದ್ದರೆ ಮನೆಗೆ ಮೈಲಿಗೆಯಿಲ್ಲ, ನನ್ನ ಟ್ರಂಕಿಗೂ ಇಲ್ಲ. ಯಾರು ಸತ್ತರೆಂದು ಕೇಳದೆ ಬೆಳಗಿನಿಂದ ಮಧ್ಯಾಹ್ನದವರೆಗೆ ನೂಲು ಸುತ್ತುತ್ತ ಕೂತಿದ್ದರು.

ಹೋದವನು ಕೊನೆಯ ತಮ್ಮ. ತವರೂರು ಶಾಗ್ಯದಲ್ಲಿ ಅಕ್ಕನಿಗಾಗಿ ಕಾದೂ ಕಾದೂ, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದ್ದರು. ಕತ್ತಲಾದ ಮೇಲೆ ಅಲ್ಲಿಗೆ ತಲುಪಿದ ದೊಡ್ಡವ್ವನಿಗೆ ಅವನ ಮುಖ ಸಿಗಲಿಲ್ಲ.

ಇದನ್ನು ಕೇಳಿದವನೇ ನಾನು ಹೋಗಿ ಅವರ ಮುಂದೆ ಕೂತೆ. "ಯಾಕೆ ಹಂಗ್ ಮಾಡಿದ್ರಿ ದೊಡ್ಡವ್ವ?" ಅಂದೆ. ಅವರು ರಾಟೆ ನಿಲ್ಲಿಸಲಿಲ್ಲ.

"ಅವ್ನು ಓಗಾಗಿತ್ತು ಕಣ್ಲಾ. ನೀನು ಓಗ್ಬೇಕಾಗಿತ್ತು."

ಎರಡನೆಯ ಸಲ ಇಥಿಯೋಪಿಯಾಕ್ಕೆ ಹೋಗಿದ್ದಾಗ ಊರಿನಿಂದ ಕಾಗದ ಬಂತು. ದೊಡ್ಡವ್ವ ತೀರಿಕೊಂಡು ತಿಂಗಳ ಮೇಲಾಗಿತ್ತು. ನೆಂಟರಲ್ಲದವರ ಸಾವು ಕೇಳಿ ನಮ್ಮಲ್ಲಿ ಯಾರೂ ತಲೆಗೆ ನೀರು ಹಾಕಿಕೊಳ್ಳುವುದಿಲ್ಲ. ಆ ಚಳಿಯ ಊರಿನಲ್ಲಿ ನಾನು ಅಂದು ಪಾಠಕ್ಕೆ ಹೋಗದೆ, ಹಿತ್ತಿಲಿಗೆ ಬಂದು, ಉಟ್ಟ ಬಟ್ಟೆಯಲ್ಲೇ ಒಂದು ಬಕೆಟ್ ತಣ್ಣೀರು ತಲೆಗೆ ಸುರಿದುಕೊಂಡೆ.