ಬೋರ್ಡಿನ ಬಲತುದಿ

ಕುರಮೋಚಿ ಮೇಷ್ಟ್ರು ಜಪಾನಿನ ಆಕಿತಾದ ಒಂದು ಸಣ್ಣ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿದರು. ಅವರ ಗಣಿತದ ತರಗತಿಯಲ್ಲಿ ರಬ್ಬರಿಗೆ ಜಾಗವಿರಲಿಲ್ಲ. ತಪ್ಪಾದರೆ ಅದರ ಮೇಲೊಂದು ಗೆರೆ ಎಳೆಯಬೇಕು, ಅಳಿಸಬಾರದು. ಲೆಕ್ಕ ಕೊಟ್ಟು, ಡೆಸ್ಕುಗಳ ನಡುವೆ ಓಡಾಡಿ, ಯಾರು ಯಾವ ದಾರಿ ಹಿಡಿದಿದ್ದಾರೆಂದು ಗುರುತು ಹಾಕಿಕೊಂಡು, ಆಮೇಲೆ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆಯುವುದು ನಮ್ಮಲ್ಲಿ ಎಲ್ಲ ಮೇಷ್ಟ್ರುಗಳ ಪದ್ಧತಿ. ತಪ್ಪು ಮಾಡಿದ ಮಗುವನ್ನೇ ಮೊದಲು ಕರೆಯುವ ಧೈರ್ಯ ನಾನು ಕಂಡಂತೆ ಇವರೊಬ್ಬರಿಗೇ ಇದ್ದದ್ದು.

ಅದನ್ನು ಕಂಡದ್ದು ಒಂದು ಬಹಿರಂಗ ಪಾಠದಲ್ಲಿ. ಪಾಠ ನೋಡಲು ಬಂದ ನಲವತ್ತು ಮಂದಿ ಶಿಕ್ಷಕರು ಗೋಡೆಯುದ್ದಕ್ಕೂ ನಿಂತಿದ್ದರು. ಕೊನೆಯಲ್ಲಿ ವಿಮರ್ಶೆ ಮಾಡಲು ವಿಶ್ವವಿದ್ಯಾಲಯದಿಂದ ನನ್ನನ್ನು ಕರೆಸಿದ್ದರು. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು ಎಂಬುದು ಲೆಕ್ಕ. ಯಾಯೋಯಿ ಎಂಬ ಹುಡುಗಿ ಬೋರ್ಡಿನ ಮೇಲೆ ಐದನೇ ಎರಡು ಎಂದು ಬರೆದಳು.

"ನಮ್ಮ ಸಾಲಲ್ಲಿ ಇಬ್ರಲ್ಲಿ ಒಬ್ಬಳಿಗೆ ಕನ್ನಡಕ. ಹಿಂದಿನ ಸಾಲಲ್ಲಿ ಮೂವರಲ್ಲಿ ಒಬ್ಬನಿಗೆ. ಒಟ್ಟು ಐದು ಜನದಲ್ಲಿ ಇಬ್ರಿಗೆ. ಸರಿ ಅಲ್ವಾ?"

"ಏ ಸೋಡಾಬುಡ್ಡಿ, ಅರ್ಧಕ್ಕೆ ಇನ್ನಷ್ಟು ಸೇರ್ಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗುತ್ತೇನೇ?" ಹಿಂದಿನಿಂದ ಒಬ್ಬ ಕೂಗಿದ.

"ಹಾಗಾದ್ರೆ ನಾನು ಎಣಿಸಿದ್ದು ಎಲ್ಲಿ ತಪ್ಪು? ನೀನೇ ಬಂದು ತೋರ್ಸೋ, ಜಾಣ!"

ಮೇಷ್ಟ್ರು ಬೋರ್ಡಿನಿಂದ ಪಕ್ಕಕ್ಕೆ ಸರಿದು ನಿಂತರು. ಇಡೀ ತರಗತಿ ವಾದಕ್ಕೆ ಬಿತ್ತು. ಒಂದು ಪಾಲು ಇಬ್ಬರದು, ಇನ್ನೊಂದು ಮೂವರದು, ಎರಡೂ ಒಂದೇ ವಸ್ತುವಿನ ಪಾಲಲ್ಲ ಎಂಬುದು ಯಾಯೋಯಿಗೇ ಹೊಳೆಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠದ ಸಾರ ಬರೆದು ಚೌಕಟ್ಟು ಹಾಕಬೇಕಾದ ಬೋರ್ಡಿನ ಬಲತುದಿ ಖಾಲಿ ಉಳಿಯಿತು.

"ಬಲತುದಿ ಖಾಲಿ ಬಿಟ್ಟ ಪಾಠ ಪಾಠವೇ ಅಲ್ಲ," ಎಂದು ಪಾಠದ ನಂತರದ ವಿಮರ್ಶೆಯ ಸಭೆಯಲ್ಲಿ ಹೇಳಿದೆ. ಮೇಷ್ಟ್ರು ತಲೆಬಾಗಿಸಿ ಅದನ್ನು ಬರೆದುಕೊಂಡರು.

ಹನ್ನೊಂದು ವರ್ಷದ ಮೇಲೆ, ನಿವೃತ್ತಿಗೆ ಮುಂಚಿನ ಅವರ ಕೊನೆಯ ಬಹಿರಂಗ ಪಾಠಕ್ಕೂ ನನ್ನನ್ನೇ ಕರೆದರು. ಅದೇ ಲೆಕ್ಕ. ಕಿಟಕಿ ಪಕ್ಕದ ಹುಡುಗಿಯ ನೋಟ್‌ಬುಕ್ಕಿನಲ್ಲಿ ಐದನೇ ಎರಡು ಎಂದಿತ್ತು. ಮೇಷ್ಟ್ರು ಅಲ್ಲಿ ಒಂದು ಕ್ಷಣ ನಿಂತು ಮುಂದೆ ಹೋದರು. ಅವರು ಬೋರ್ಡಿಗೆ ಕರೆದ ಮೂವರದೂ ಸರಿಯುತ್ತರ. ಗಂಟೆಗೆ ಎರಡು ನಿಮಿಷ ಮೊದಲೇ ಬಲತುದಿ ತುಂಬಿತು. ಸಭೆಯಲ್ಲಿ ಎಲ್ಲರೂ ಹೊಗಳಿದರು.

ಹೊರಗೆ ಬಂದಾಗ ಕೇಳಿದೆ: "ಆ ಹುಡುಗಿ ಬರೆದದ್ದು ನೋಡಿದ್ರಲ್ಲ, ಯಾಕೆ ಕರೀಲಿಲ್ಲ?"

"ಕರೆದಿದ್ರೆ ಗಂಟೆಯೊಳಗೆ ಮುಗೀತಿರ್ಲಿಲ್ಲ, ಪ್ರೊಫೆಸರಮ್ಮ." ಮಾತಿನಲ್ಲಿ ಕೊಂಕಿರಲಿಲ್ಲ. "ಅವತ್ತು ನೀವು ತಿದ್ದಿದ್ದು ಒಳ್ಳೇದೇ ಆಯ್ತು. ಆಮೇಲೆ ಒಂದ್ಸಲಾನೂ ಖಾಲಿ ಬಿಟ್ಟಿಲ್ಲ."

ಅವತ್ತು ತಪ್ಪಿದ್ದು ನಾನು ಎನ್ನಬೇಕಿತ್ತು. ಆರು ತಿಂಗಳಲ್ಲಿ ನಿವೃತ್ತರಾಗುವವರಿಗೆ ಈಗ ಹೇಳಿ ಏನು ಉಪಯೋಗ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡು ಸುಮ್ಮನಾದೆ. ಅದು ಹೇಡಿತನ.

ಚೀಲ ತರಲು ತರಗತಿಗೆ ಮರಳಿದೆ. ಮಕ್ಕಳು ಎಂದಿನಂತೆ ನೆಲ ಒರೆಸುತ್ತಿದ್ದರು. ಕಿಟಕಿ ಪಕ್ಕದ ಡೆಸ್ಕಿನ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ಆ ಹುಡುಗಿ ಅದನ್ನು ಅಂಗೈಗೆ ಬಳಿದುಕೊಂಡು ಕಸದ ಬುಟ್ಟಿಗೆ ಹಾಕಿದಳು.