ಹೆಣ ಎತ್ತಿದೋರು ಯಾರು?

ಅವರ ಬಲಗೈಯ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಕಾರ್ಬನ್ ಕಾಗದದ ನೀಲಿ ಹತ್ತಿ ಕಪ್ಪಗಾಗಿತ್ತು ಎಂದು ನನ್ನ ನೆನಪು. ಈ ನೆನಪು ಸುಳ್ಳಿರಬೇಕು. ನಾನು ಅವರನ್ನು ಮೊದಲು ಕಂಡದ್ದೇ ಅವರು ನಿವೃತ್ತರಾಗಿ ಆರು ವರ್ಷವಾದ ಮೇಲೆ. ಅಷ್ಟು ಕಾಲ ಯಾವ ನೀಲಿಯೂ ಕೈಯಲ್ಲಿ ನಿಲ್ಲುವುದಿಲ್ಲ. ಅವರ ಕೆಲಸದ ಸುದ್ದಿ ಕೇಳಿ ಕೇಳಿ ನಾನೇ ಬಳಿದಿದ್ದೇನೆ. ಮುಂದಿನ ಮಾತುಗಳಲ್ಲಿ ಇಂಥದ್ದು ಇನ್ನೆಷ್ಟಿದೆಯೋ ಗೊತ್ತಿಲ್ಲ.

ಅವರು ಹರಿಹರದ ಕಡೆಯ ಠಾಣೆಯೊಂದರಲ್ಲಿ ರೈಟರ್ ಆಗಿದ್ದವರು. ಅಂದರೆ ದೂರು, ಹೇಳಿಕೆ, ಪಂಚನಾಮೆಗಳನ್ನೆಲ್ಲ ಬರೆಯುವ ಹೆಡ್ ಕಾನ್‌ಸ್ಟೇಬಲ್. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಎದುರು ಮನೆ ಅವರದು. ನಾನು ಕಾದಂಬರಿ ಬರೆಯುವವನೆಂದು ತಿಳಿದ ದಿನ ನಕ್ಕು, "ನಾನೂ ಬಾಳ ಬರ್ದೀನಿ ಬಿಡ್ರಿ ಮೇಷ್ಟ್ರೆ. ಓದೋರು ಮಾತ್ರ ಇಬ್ರೇ, ವಕೀಲ ಮತ್ತೆ ಜಡ್ಜು" ಎಂದಿದ್ದರು.

ಈ ಬೇಸಿಗೆಯಲ್ಲಿ ನಾನು ಓದಿದ್ದೆಲ್ಲ ಹೆಚ್ಚುಕಡಿಮೆ ಪತ್ತೇದಾರಿ ಕಾದಂಬರಿಗಳೇ. ಹನ್ನೊಂದು ಮುಗಿಸಿದೆ. ಬಹುಪಾಲಿನಲ್ಲಿ ಮೊದಲ ಪುಟಕ್ಕೇ ಒಬ್ಬ ಹೆಂಗಸಿನ ಹೆಣ. ಎರಡನೇ ಅಧ್ಯಾಯಕ್ಕೆ ಅವಳಿಗೊಂದು ಕಳ್ಳ ಸಂಬಂಧ ಪತ್ತೆಯಾಗುತ್ತದೆ. ಮೂರನೆಯದಕ್ಕೆ ಅವಳನ್ನು ಮರೆತು ಎಲ್ಲರೂ ಪತ್ತೇದಾರನ ಕುಡಿತದ ಬಗ್ಗೆ, ಬಿಟ್ಟುಹೋದ ಅವನ ಹೆಂಡತಿಯ ಬಗ್ಗೆ ಚಿಂತಿಸುತ್ತಾರೆ. ಸತ್ತವಳಿಗೆ ಮನೆಯಿಲ್ಲ, ಅಡುಗೆಯಿಲ್ಲ, ಯಾರೂ ಅವಳಿಗಾಗಿ ಅಳುವುದಿಲ್ಲ. ಆ ಲೇಖಕರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಆ ಸಿಟ್ಟು ನನ್ನದಲ್ಲ, ಎದುರು ಮನೆಯ ರೈಟರ್ ಸಾಹೇಬರದು. ಅದನ್ನು ಬಳಸುವ ಹಕ್ಕು ನನಗಿಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಪ್ರತಿ ಭಾನುವಾರ ನಾನು ಓದಿ ಮುಗಿಸಿದ್ದನ್ನು ಅವರು ಒಯ್ಯುತ್ತಿದ್ದರು. ಮುಂದಿನ ಭಾನುವಾರ ಅದು ಪೆನ್ಸಿಲ್ ಗುರುತುಗಳೊಂದಿಗೆ ವಾಪಸು. "ಪಂಚರು ಎಲ್ಲಿ?" "ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲೋ?" ಎಲ್ಲದರಲ್ಲೂ ತಪ್ಪದೆ ಇರುತ್ತಿದ್ದದ್ದು ಒಂದು: "ಹೆಣ ಎತ್ತಿದೋರು ಯಾರು?"

"ಅದೇನು ಸಾಹೇಬ್ರೆ, ಎಲ್ಲಾದ್ರಾಗೂ ಇದೇ ಪ್ರಶ್ನೆ?" ಎಂದು ಒಮ್ಮೆ ಅವರ ಮನೆಯಲ್ಲಿ ಮಂಡಕ್ಕಿ ತಿನ್ನುತ್ತ ಕೇಳಿದೆ.

"ಎತ್ತಿದೋರಿಗೆ ಗೊತ್ತಿರತೈತ್ರಿ, ಅದು ಹೆಣ ಅಲ್ಲ, ಮನುಷ್ಯಾ ಅಂತ. ಭಾರ ಗೊತ್ತಾಗತೈತಲ್ಲ."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಸತ್ತೋರ ಸುದ್ದಿ ಆಮೇಲೆ ಮಾಡ್ರಿ, ಮಂಡಕ್ಕಿ ಮೆತ್ತಗಾಗ್ತಾವೆ!"

ಅಂಥ ಒಂದು ಭಾನುವಾರ ಅವರು ಭಾನುವಳ್ಳಿಯ ಹೆಂಗಸಿನ ಸುದ್ದಿ ಹೇಳಿದ್ದು. ಕಾಲುವೆಯಲ್ಲಿ ಬಹಳ ದೂರ ತೇಲಿ ಬಂದ ಹೆಣ, ಗುರುತು ಹಿಡಿಯುವವರಿಲ್ಲ. ಏರಿಯ ಮೇಲೆ ನಿಂತ ಜನ ಆಗಲೇ ಅವಳ ನಡತೆಯ ಬಗ್ಗೆ ಮಾತಾಡುತ್ತಿದ್ದರಂತೆ. ಇವರು ಪಕ್ಕದಲ್ಲಿ ಕೂತು ಬರೆದರು: ಹಸಿರು ಸೀರೆ, ಹರಿದ ಅಂಚನ್ನು ಒಳಕ್ಕೆ ಮಡಚಿ ಹಳದಿ ದಾರದಲ್ಲಿ ಹೊಲಿದಿದೆ, ಹೊಲಿಗೆ ಸಣ್ಣದು, ಒತ್ತಾಗಿದೆ. ಆ ವಿವರ ಸುತ್ತಲಿನ ಠಾಣೆಗಳಿಗೆಲ್ಲ ಹೋಯಿತು. ಮೂರನೇ ದಿನ ತಂಗಿ ಬಂದಳು. ಸೀರೆಯಂಚು ಮುಟ್ಟಿ, "ನಮ್ಮಕ್ಕನ ಕೈ ಇದು" ಎಂದಳು. ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದ್ದಳು, ಅಷ್ಟೇ.

ನನ್ನ ಕಾದಂಬರಿಯಲ್ಲಿ ಆ ಸೀರೆಯೂ ಇದೆ, ಹಳದಿ ದಾರವೂ ಇದೆ. ಜೊತೆಗೆ ಅವಳಿಗೊಬ್ಬ ಪ್ರಿಯಕರನಿದ್ದಾನೆ. ಕೊಲೆ ಮಾಡುವವನು ಅವನೇ. ಪುಸ್ತಕ ಬಂದು ವರ್ಷವಾದರೂ ನಾನು ಅದನ್ನು ಅವರಿಗೆ ಕೊಟ್ಟಿರಲಿಲ್ಲ. ಏಕೆಂದು ಈಗ ಗೊತ್ತು. ಕೊನೆಗೆ ಕೊಟ್ಟದ್ದು, ಅದು ಪಂಚಾಯಿತಿ ಗ್ರಂಥಾಲಯಗಳಿಗೆ ಆಯ್ಕೆಯಾಗಿ ಹೋಯಿತೆಂದು ಜಂಬ ಕೊಚ್ಚಿಕೊಳ್ಳುವುದಕ್ಕೆ.

ಯುಗಾದಿಯ ಮಾರನೇ ದಿನ ವಾಪಸು ತಂದರು. ಒಳಗೆ ಒಂದು ಗುರುತೂ ಇರಲಿಲ್ಲ.

"ಆಯಮ್ಮ ಕಾಲು ಜಾರಿ ಬಿದ್ದಾಕಿ ಮೇಷ್ಟ್ರೆ. ಈ ಗೆಣೆಕಾರನ್ನ ಎಲ್ಲಿಂದ ತಂದ್ರಿ?"

"ಅದು ಕತೆ. ಊರು, ಹೆಸರು ಎಲ್ಲ ಬದಲಾಯಿಸಿದೀನಲ್ಲ."

"ಕತೆ ನಿಮ್ದು. ಸೀರೆ ಆಕಿದು."

ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ: ವಾಸ್ತವ ಬೇರೆ, ಕಲ್ಪನೆ ಬೇರೆ, ಲೇಖಕನ ಸ್ವಾತಂತ್ರ್ಯ, ಇತ್ಯಾದಿ. ಅವರು ಪೂರ್ತಿ ಕೇಳಿಸಿಕೊಂಡರು, ಆಪಾದಿತನ ಹೇಳಿಕೆ ಬರೆದುಕೊಳ್ಳುವವರ ಹಾಗೆ.

"ಆಕಿ ಮಗಳು ಊರಾಗೇ ಅದಾಳ್ರಿ. ಲೈಬ್ರರಿ ಪುಸ್ತಕ ಒಂದೂ ಬಿಡಾಕಿಲ್ಲ ಆ ಹುಡುಗಿ. ತಾಯಿ ಹೊಲಿಗೆ ಗೊತ್ತಾಗಾಕಿಲ್ವಾ ಅದಕ್ಕ? ಮುಂದಿನ ಪ್ರಿಂಟ್‌ನಾಗಾದ್ರೂ ಆ ದಾರ ತೆಗೀರಿ."

"ನೀವು ಬರೆದದ್ದು ಪಂಚನಾಮೆ, ಕಾದಂಬರಿ ಅಲ್ಲ" ಎಂದೆ. ಬಾಯಿಬಿಟ್ಟು ಅಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು ಎದ್ದುಹೋದ ರೀತಿ ನೋಡಿದರೆ ಅಂದೇ ಇರಬೇಕು.

ಆ ಮಗಳನ್ನು ಅವರು ಮಾತಿನಲ್ಲೇ ಹುಟ್ಟಿಸಿದ್ದಾರೆ ಎಂದು ನನಗೆ ಅನುಮಾನ. ವಾದ ಗೆಲ್ಲಲು ಸಾಕ್ಷಿ ನಿಲ್ಲಿಸುವುದು ಠಾಣೆಯವರಿಗೆ ಕಷ್ಟವೇ? ಎರಡನೇ ಮುದ್ರಣ ಬಂತು. ದಾರವನ್ನು ತೆಗೆಯಲಿಲ್ಲ, ಏಕೆಂದರೆ ವಿಮರ್ಶಕರು ಮೆಚ್ಚಿದ್ದೇ ಆ ದಾರವನ್ನು. ಭಾನುವಾರದ ಮಂಡಕ್ಕಿ ನಿಂತಿತು. ಗೇಟಿನ ಬಳಿ ಸಿಕ್ಕರೆ "ಅರಾಮಾ ಮೇಷ್ಟ್ರೆ?" ಎನ್ನುತ್ತಿದ್ದರು, ಅಷ್ಟೇ. ಮರುವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಚಟ್ಟಕ್ಕೆ ನಾನೂ ಹೆಗಲು ಕೊಟ್ಟೆ. ಭಾರವಿತ್ತು.

ಈ ಬೇಸಿಗೆ ಹನ್ನೊಂದನೇ ಪುಸ್ತಕವನ್ನು ಅರ್ಧಕ್ಕೇ ಗೋಡೆಗೆ ಎಸೆಯಬೇಕೆನಿಸಿ, ಎಸೆಯುವ ಯೋಗ್ಯತೆ ನನಗೆಲ್ಲಿದೆ ಎನಿಸಿ, ಅದನ್ನು ಮುಗಿಸಿದ ಮಾರನೇ ದಿನ ಹರಿಹರಕ್ಕೆ ಹೋಗಿ ಭಾನುವಳ್ಳಿ ಬಸ್ಸು ಹತ್ತಿದೆ. ಮಗಳು ಇದ್ದಾಳೋ ಇಲ್ಲವೋ ತಿಳಿಯಬೇಕಿತ್ತು. ಬಸ್ಸಿಳಿದೆ. ಏನೆಂದು ಕೇಳುವುದು, ಯಾರನ್ನು? ಗ್ರಂಥಾಲಯದೊಳಗೆ ಹೋಗಿ ನನ್ನ ಕಾದಂಬರಿಯ ಹೆಸರು ಹೇಳಿದೆ.

"ಇತ್ತು ಸಾರ್, ಈಗಿಲ್ಲ" ಎಂದ ಮೇಲ್ವಿಚಾರಕ. "ದಾವಣಗೆರೆಯಿಂದ ಒಬ್ರು ಯಜಮಾನ್ರು ಬಂದು ಮೆಂಬರ್ ಆದ್ರು. ಅದೊಂದೇ ಪುಸ್ತಕ ಒಯ್ದ್ರು, ತಿರುಗಿ ಬರ್ಲೇ ಇಲ್ಲ. ರಿಟೈರ್ಡ್ ಪೊಲೀಸ್ನೋರಂತೆ. ಅವರ ಮ್ಯಾಲೆ ಯಾರಿಗೆ ಕಂಪ್ಲೇಂಟ್ ಕೊಡಾನ ಹೇಳ್ರಿ?"

ಮಗಳ ವಿಷಯ ನಾನು ಕೇಳಲಿಲ್ಲ. ರಿಜಿಸ್ಟರ್ ಕೇಳಿ ನೋಡಿದೆ. ನನ್ನ ಪುಸ್ತಕದ ಹೆಸರಿನ ಮುಂದೆ ಅವರ ದುಂಡನೆಯ ಸಹಿ ಇದೆ. ಒಯ್ದ ತಾರೀಖು ಅವರು ನನ್ನ ಮೇಜಿನ ಬಳಿಯಿಂದ ಎದ್ದುಹೋದ ವರ್ಷದ ಯುಗಾದಿಯಾದ ಮೂರನೇ ದಿನದ್ದು; ಕ್ಯಾಲೆಂಡರ್ ತೆಗೆದು ತಾಳೆ ನೋಡಿದ್ದೇನೆ.