ಕೂಗು ಕೇಳುವಷ್ಟು ದೂರ

ಕಜಾಲಿ ಪಟ್ಟಣದಿಂದ ಆಚೆ ನಮ್ಮ ಸಣ್ಣ ಸ್ಟೇಷನ್ನಿನ ರೈಲ್ವೆ ಗೇಟನ್ನು ಕುನಿಮ್‌ಜಾನ್ ಅಕ್ಕ ಮತ್ತು ನಾನು ಪಾಳಿಯ ಮೇಲೆ ಕಾಯುತ್ತಿದ್ದೆವು. ಗೇಟಿನ ಗೂಡು ಬಹಳ ಕಿರಿದು. ನಾನು ಬರುವುದು ಕಂಡರೆ ಅಕ್ಕ ಒಳಗಿನಿಂದಲೇ, "ನಾನು ಮೊದಲು ಹೊರಗೆ ಬರ್ತೀನಿ, ಆಮೇಲೆ ನೀನು ಬಾ. ಇಬ್ಬರೂ ಒಳಗಿದ್ರೆ ಗೋಡೆ ಬಿದ್ದುಹೋಗತ್ತೆ ಕಣೇ" ಎಂದು ತನ್ನ ಮೈಯನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಆ ಗೂಡಿನಲ್ಲೇ ಅವಳಿಗೆ ಉಸಿರಾಡಲು ಜಾಗ ಸಿಗುತ್ತಿದ್ದುದು. ಗಂಡ ಸೇಯಿಲ್‌ಖಾನ್ ಹಳಿ ರಿಪೇರಿ ತಂಡದವನು, ಹೆಚ್ಚಿನ ದಿನ ಊರಾಚೆಯೇ. ಮನೆಯಲ್ಲಿ ಅತ್ತೆ ಉಲ್ತುವಾರ್, ಬಂದು ಹೋಗುವ ನೆಂಟರು, ಸದಾ ಕುದಿಯುವ ಚಹಾ. ಹಿರಿಯ ಸೊಸೆಯಾದವಳು ಎಲ್ಲರ ಬಟ್ಟಲಿಗೂ ಬಗ್ಗಿಸಬೇಕು, ಎಲ್ಲರ ಜೊತೆಗೂ ತಿನ್ನಬೇಕು. ತಿನ್ನದಿದ್ದರೆ ಮನೆಯಲ್ಲಿ ಏನೋ ಜಗಳವಾಗಿದೆ ಎಂದು ನೆಂಟರು ಮುಖ ನೋಡುತ್ತಾರೆ.

ಒಂದು ಬೇಸಿಗೆಯ ಮಧ್ಯಾಹ್ನ ಗೂಡ್ಸ್ ರೈಲು ಹಾದುಹೋಗುತ್ತಿದ್ದಾಗ ಅಕ್ಕನಿಗೆ ಕಣ್ಣು ಕತ್ತಲಿಟ್ಟು ಮೂಗಿನಿಂದ ರಕ್ತ ಸುರಿಯಿತು. ಕೊನೆಯ ಡಬ್ಬಿ ದಾಟುವವರೆಗೂ ಬಾವುಟ ಹಿಡಿದು ನಿಂತಿದ್ದು, ಆಮೇಲೆ ಮೆಟ್ಟಿಲ ಮೇಲೆ ಕುಸಿದಳು. ನಾನು ಹೋದಾಗ ಅವಳು ಕೇಳಿದ್ದು ಗೇಟು ತೆಗೆದೆಯಾ ಎಂದು. ರೈಲ್ವೆ ಡಾಕ್ಟರು ಬಿಪಿ ನೋಡಿ ಗಾಬರಿಯಾದರು. ಮುಂದಿನ ತಪಾಸಣೆಯೊಳಗೆ ಅದು ಇಳಿಯಬೇಕು, ಮೈ ತೂಕವೂ ಇಳಿಯಬೇಕು. ಇಲ್ಲವಾದರೆ ಗೇಟಿನ ಕೆಲಸ ಇಲ್ಲ ಎಂದರು. ಪಾರ್ಶ್ವವಾಯು ಬಡಿಯಬಹುದು ಎಂದೂ ಹೆದರಿಸಿದರು. ಅಕ್ಕ ಅದಕ್ಕೆ ಹೆದರಲಿಲ್ಲ. "ದಿನವೆಲ್ಲ ಮನೆಯಲ್ಲೇ ಇರಬೇಕಾ ಹಾಗಾದ್ರೆ?" ಎಂದು ಎರಡು ಸಲ ಕೇಳಿದಳು.

ಆಸ್ಪತ್ರೆಯ ನರ್ಸು ಅವಳನ್ನು ಮೊಬೈಲಿನಲ್ಲಿ ನಡೆಯುವ ಒಂದು ತರಗತಿಗೆ ಸೇರಿಸಿದಳು. ದೇಶದ ಬೇರೆಬೇರೆ ಊರುಗಳಲ್ಲಿರುವ, ದಪ್ಪ ಮೈಯ, ಬಿಪಿ ಇರುವ ಜನ ವಾರಕ್ಕೊಂದು ಸಂಜೆ ವಿಡಿಯೊದಲ್ಲಿ ಸೇರುತ್ತಿದ್ದರು. ಆಕ್‌ಮರಾಲ್ ಎಂಬ ಹೆಂಗಸು ಪಾಠ ಹೇಳುತ್ತಿದ್ದಳು. ಉಪ್ಪು ಹೇಗೆ ಕಡಿಮೆ ಮಾಡುವುದು, ಎಷ್ಟು ನಡೆಯುವುದು, ಕೈ ತಟ್ಟೆಗೆ ಹೋಗುವ ಮೊದಲು ಮನಸ್ಸಿನಲ್ಲಿ ಏನಿತ್ತು ಎಂದು ಗಮನಿಸುವುದು, ಇಂಥವು. ನೆಂಟರಿಲ್ಲದ ಜಾಗ ಮನೆಯಲ್ಲಿ ಉಗ್ರಾಣವೊಂದೇ. ಉಪ್ಪು ಹಚ್ಚಿ ತೂಗುಹಾಕಿದ ಕುದುರೆ ಮಾಂಸದ ಕೆಳಗೆ ಬಕೆಟ್ ಬೋರಲು ಹಾಕಿಕೊಂಡು ಕೂತು ಅಕ್ಕ ಉಪ್ಪಿನ ಪಾಠ ಕೇಳುತ್ತಿದ್ದಳು.

ಒಳಗೆ ಗಂಡಸಿನ ದನಿ ಕೇಳಿದ ಅತ್ತೆ ಒಂದು ಸಂಜೆ ಬಾಗಿಲು ದೂಡಿದಳಂತೆ.

"ಯಾವನ ಹತ್ರ ಮಾತಾಡ್ತಿದ್ದೀಯ?"

ಅಕ್ಕ ಮೊಬೈಲು ತಿರುಗಿಸಿ ತೋರಿಸಿದಳು. ಮುದುಕಿ ಬಗ್ಗಿ ಒಂದೊಂದೇ ಮುಖ ನೋಡಿ, "ಎಲ್ಲಾ ನಿನ್ನ ಹಾಗೇ ಇದ್ದಾರಲ್ಲೇ. ಚೆನ್ನಾಗಿ ಉಂಡ ಮನೆಯವರು. ಇವರಿಗೇನು ಕಾಯಿಲೆ?" ಎಂದಳು. ಮೊಬೈಲಿನೊಳಗಿದ್ದ ಗಂಡಸು ಗೊಳ್ಳೆಂದು ನಕ್ಕನಂತೆ.

ಆದರೆ ಅಕ್ಕ ತಟ್ಟೆ ಸರಿಸಲು ಶುರುಮಾಡಿದ ಮೇಲೆ ಮನೆಯಲ್ಲಿ ನಗು ನಿಂತಿತು. ಅತ್ತೆ ಸುಮ್ಮನಿರುವವಳಲ್ಲ. "ಈ ಮನೆಗೆ ಬಂದಾಗ ನೀನು ಕಡ್ಡಿ. ಸೊಸೆಗೆ ಊಟ ಹಾಕಲ್ಲ ಅಂತ ಜನ ನನ್ನ ಆಡ್ಕೊಂಡಿದ್ರು. ನಿನ್ನ ಮೈ ತುಂಬಿಸಿದ್ದು ನಾನು. ಈಗ ನನ್ನ ಕೈ ಊಟ ವಿಷ ಆಯ್ತಾ?" ಎಂದು ನೆಂಟರ ಎದುರೇ ಕೇಳಿ, ಕುರಿ ಬಾಲದ ಕೊಬ್ಬಿನ ದೊಡ್ಡ ತುಂಡನ್ನು ತನ್ನ ಕೈಯಿಂದಲೇ ಅವಳ ಬಾಯಿಗಿಟ್ಟಳು. ಅಷ್ಟು ಜನರ ಮುಂದೆ ಉಗುಳುವಂತಿಲ್ಲ. ಅಕ್ಕ ನುಂಗಿದಳು.

ನಡೆಯುವುದೂ ಸುಲಭವಿರಲಿಲ್ಲ. ನಮ್ಮೂರಲ್ಲಿ ಹೆಂಗಸು ಬರಿಗೈಯಲ್ಲಿ ನಡೆದರೆ ಎಲ್ಲಿಗೆ, ಯಾಕೆ ಎಂದು ನಾಲ್ಕು ಮನೆಯವರು ಕೇಳುತ್ತಾರೆ, ನಾಯಿಗಳು ಬೇರೆ. ಹಾಗಾಗಿ ಪಾಳಿ ಮುಗಿದ ಮೇಲೆ ನೇರ ಮನೆಗೆ ಹೋಗದೆ ಹಳಿಯ ಪಕ್ಕದಲ್ಲೇ ಹೋಗಿ ಬರುತ್ತಿದ್ದಳು. ಅಲ್ಲಿ ನಡೆದರೆ ಹಳಿ ನೋಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಗೂಡಿನಲ್ಲಿದ್ದಾಗ ತನ್ನದೇ ಡಬ್ಬಿಯಿಂದ ಸಪ್ಪೆ ಗಂಜಿ ತಿನ್ನುತ್ತಿದ್ದಳು. ಮೈ ನಿಧಾನಕ್ಕೆ ಕರಗಿತು. ಚಳಿಗಾಲದ ತಪಾಸಣೆಯಲ್ಲಿ ಡಾಕ್ಟರು ಬಿಪಿಯನ್ನು ಮತ್ತೊಮ್ಮೆ ನೋಡಿ, ಕೆಲಸ ಮಾಡಬಹುದು ಎಂದರು. ಅಕ್ಕ ಸೀದಾ ಗೇಟಿಗೆ ಬಂದು ನನ್ನನ್ನು ಅಪ್ಪಿಕೊಂಡಳು. ಆಗ ಇಬ್ಬರೂ ಗೂಡಿನ ಒಳಗೇ ಇದ್ದೆವು.

ಅದೇ ವಾರ ಉಲ್ತುವಾರ್ ಚಹಾ ಬಟ್ಟಲು ಕೈಯಲ್ಲಿ ಹಿಡಿದಂತೆಯೇ ಪಕ್ಕಕ್ಕೆ ವಾಲಿಬಿಟ್ಟಳು. ಅವಳ ಬಿಪಿ ಸೊಸೆಯದಕ್ಕಿಂತ ಎಷ್ಟೋ ಮೇಲಿತ್ತಂತೆ. ಯಾರೂ ಒಮ್ಮೆಯೂ ನೋಡಿಸಿರಲಿಲ್ಲ. ಬಲಭಾಗ ಬಿದ್ದುಹೋಯಿತು, ಬಾಯಿ ವಾರೆಯಾಯಿತು, ಮಾತು ಪಿಸುಗುಡುವಷ್ಟಕ್ಕೆ ಇಳಿಯಿತು. ಅಕ್ಕ ರಜೆ ಹಾಕಿದಳು. ಉಣಿಸುವುದು, ತೊಳೆಯುವುದು, ಮಗ್ಗುಲು ಹೊರಳಿಸುವುದು ಎಲ್ಲ ಅವಳ ಮೇಲೆ ಬಿತ್ತು.

ರಜೆ ಮುಗಿಯುತ್ತ ಬಂದಾಗ ಅಕ್ಕ ಗಂಡನನ್ನು ಕೂರಿಸಿಕೊಂಡು ಮಾತಾಡಿದಳು. ನನ್ನ ಪಾಳಿಯ ದಿನ ನೀನು ಊರಲ್ಲಿರು, ಸ್ಟೇಷನ್ನಿನಲ್ಲೇ ಕೆಲಸ ಕೇಳು, ನಿನ್ನ ತಾಯಿಯನ್ನು ನೀನೂ ನೋಡಿಕೋ ಎಂದಳು. ಸೇಯಿಲ್‌ಖಾನ್ ಕೆಟ್ಟವನಲ್ಲ. ಕೈಯಲ್ಲಿ ಟೋಪಿ ತಿರುಗಿಸುತ್ತ, ಆಗಲಿ ಎಂದ. ಮೊದಲ ದಿನ ಅವನೇ ತಾಯಿಗೆ ಸೂಪು ಕುಡಿಸಲು ಹೋದ. ಮುದುಕಿ ಬಾಯಿ ತೆರೆಯಲಿಲ್ಲ. ಎಡಗೈಯಿಂದ ಸೊಸೆಯ ಅಂಗಿಯ ತೋಳು ಹಿಡಿದುಕೊಂಡು, "ಇವನು ಬೇಡ. ಕೈ ಒರಟು. ನೀನೇ ಇರು" ಎಂದಳು.

ಅಕ್ಕ ಕೆಲಸ ಬಿಟ್ಟಳು. ಗೂಡಿನಲ್ಲಿದ್ದ ತನ್ನ ಕೆಟಲು, ದಪ್ಪ ಕೋಟು ತೆಗೆದುಕೊಂಡು ಹೋಗಲು ಬಂದ ದಿನ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಬೈದಿದ್ರೆ ಹೋಗ್ಬಿಡ್ತಿದ್ದೆ ಕಣೇ. ಬೈಲಿಲ್ಲ."

ಆಮೇಲೆ ಅವಳ ಬಿಪಿ ಮತ್ತೆ ಏರಿತು. ತರಗತಿಯನ್ನು ಮಾತ್ರ ಬಿಡಲಿಲ್ಲ. ಈಗ ಉಗ್ರಾಣಕ್ಕೆ ಹೋಗುವಂತಿಲ್ಲ. ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಮೊಬೈಲು ಇಟ್ಟುಕೊಳ್ಳುತ್ತಿದ್ದಳು. ಬೇರೆಯವರು ಮಾತಾಡಿದರೆ ಕೇಳಿಸಿಕೊಳ್ಳುವಳು, ತನ್ನ ಸರದಿ ಬಂದರೆ ಚೆನ್ನಾಗಿದ್ದೀನಿ ಎಂದು ಮುಗಿಸುವಳು. ಒಂದು ಸಂಜೆ ಆಕ್‌ಮರಾಲ್ ಬಿಡದೆ ಕೇಳಿದಳು, ಈ ವಾರ ನಿನಗೆ ಏನು ಬೇಕು ಅನ್ನಿಸಿತು ಎಂದು.

"ಹೊರಗೆ ಹೋಗ್ಬೇಕು" ಎಂದಳು ಅಕ್ಕ. "ಎಲ್ಲಿಗಾದರೂ. ಈ ಕೋಣೆಯಲ್ಲಿ ನನಗೆ ಉಸಿರು ಕಟ್ಟತ್ತೆ."

ಅತ್ತೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಮರುದಿನ ಊಟವಾದ ಮೇಲೆ ಬಾಗಿಲ ಕಡೆ ಗಲ್ಲ ತೋರಿಸಿ, "ಹೋಗು. ಬಾಗಿಲು ತೆಗೆದಿಡು. ಬೇಕಾದ್ರೆ ಕೂಗ್ತೀನಿ" ಎಂದಳು.

ಹೀಗೆ ಅಕ್ಕನಿಗೆ ದಿನಕ್ಕೊಂದಿಷ್ಟು ಹೊತ್ತು ಸಿಕ್ಕಿದೆ. ಆದರೆ ಮುದುಕಿಯ ದನಿ ಅಂಗಳ ದಾಟುವುದಿಲ್ಲ, ಬೀದಿ ಕೊನೆಯ ಬಾವಿಯಂತೂ ದೂರವೇ ಉಳಿಯಿತು. ಆದ್ದರಿಂದ ಅಕ್ಕ ಮನೆಯನ್ನೇ ಸುತ್ತುತ್ತಾಳೆ, ಪ್ರತಿ ಸಲ ತೆರೆದ ಬಾಗಿಲ ಎದುರು ಬಂದಾಗ ಕಿವಿಗೊಡುತ್ತಾಳೆ. ಹಿಮ ಬಿದ್ದಾಗ ಗೋಡೆಯ ಸುತ್ತ ಅವಳದೇ ಒಂದು ಕಾಲುದಾರಿ ಮೂಡಿತ್ತು.

ಹೋದ ವಾರ ನೋಡಲು ಹೋಗಿದ್ದೆ. ಅತ್ತೆ ದಿಂಬಿಗೆ ಒರಗಿ ಕೂತು, "ಆ… ಆ…" ಎಂದು ಎಳೆಯುತ್ತಿದ್ದಳು. ಅಕ್ಕ ಎದುರು ಕೂತು, ಇನ್ನೂ ಜೋರಾಗಿ ಎಂದು ಕೈ ಎತ್ತುತ್ತಿದ್ದಳು. ಏನಕ್ಕ ಇದು ಎಂದು ಕೇಳಿದೆ.

"ಕೂಗೋದು ಕಲಿಸ್ತಿದ್ದೀನಿ," ಎಂದಳು. "ಇವಳ ದನಿ ಇನ್ನೊಂಚೂರು ಗಟ್ಟಿಯಾದ್ರೆ, ಬಾವಿ ತನಕ ಹೋಗಿ ಬರಬಹುದು."